ಗುಲಾಬಿಗೆ ಹಿಡಿದ ಛತ್ರಿ

ಛತ್ರಿ ಹಿಡಿದು ನಿಂತವನು ಸಂಜೀವಪ್ಪನೇ ಎಂದು ಅನುಸೂಯಳಿಗೆ ದೂರದಿಂದಲೇ ಗೊತ್ತಾಯಿತು. ಒಂದು ಕಾಲಿನ ಮೇಲೆ ಭಾರ ಹಾಕಿ, ಸೊಂಟ ತುಸು ವಾಲಿಸಿ ನಿಲ್ಲುವ ಆ ರೀತಿಯನ್ನು ಅವಳು ಚಿಕ್ಕಂದಿನಿಂದ ನೋಡಿದ್ದಾಳೆ. ಗೊತ್ತಾಗದಿದ್ದದ್ದು, ಆ ಛತ್ರಿಯ ಕೆಳಗೆ ಕೂತಿದ್ದವಳು ಯಾರು ಎಂಬುದು.

ಶಿವರಾತ್ರಿ ಕಳೆದು ವಾರವಾಗಿತ್ತು. ಲಾಲ್‌ಬಾಗಿನ ಹೊಂಗೆ ಮರಗಳು ಎಳೆ ಚಿಗುರು ಬಿಟ್ಟಿದ್ದವು. ಒಂದು ಎಲೆಯೂ ಇಲ್ಲದ ಕೆಲವು ಮರಗಳು ಮೈತುಂಬ ಹೂವು ಹೊತ್ತು ನಿಂತಿದ್ದವು. ಅದನ್ನೆಲ್ಲ ನೋಡಬೇಕೆಂದು ಅಜ್ಜಿ ಅಮ್ಮಯಮ್ಮನನ್ನು ಕಾಡಿ ಬೇಡಿ ಜೊತೆಗೆ ಹೊರಡಿಸಿಕೊಂಡು, ಅರಿಶಿನಕುಂಟೆಯಿಂದ ನೆಲಮಂಗಲಕ್ಕೆ ನಡೆದು, ಮಾರ್ಕೆಟ್ ಬಸ್ಸು ಹತ್ತಿ ಬಂದಿದ್ದಳು. ಹೂವು ನೋಡುವುದು ಬರೀ ನೆಪ ಎಂದು ಅಜ್ಜಿಗೂ ಗೊತ್ತಿತ್ತು.

ಬರುವ ಗುರುವಾರ ತೂಬಗೆರೆಯಿಂದ ಸೋದರತ್ತೆ ರುಕ್ಮಿಣಮ್ಮ ಬಂದು ಅನುಸೂಯಳಿಗೆ ಹೂ ಮುಡಿಸುವುದೆಂದು ಮಾತಾಗಿತ್ತು. ಗಂಡಿನ ಮನೆಯ ಹೂವು ಮುಡಿಗೇರಿತೆಂದರೆ ಹೆಣ್ಣು ಆ ಮನೆಯವಳಾದಳೆಂದೇ ಅರ್ಥ. ಗಂಡು ರುಕ್ಮಿಣಮ್ಮನ ಮಗ ಸಂಜೀವಪ್ಪ, ಲಾಲ್‌ಬಾಗಿನಲ್ಲಿ ಮಾಲಿ. ಅಷ್ಟರೊಳಗೆ ಒಂದು ಸಲ ಅವನ ಮುಖ ನೋಡಿ ಬರೋಣವೆಂದು ಹುಡುಗಿ ಹೊರಟಿದ್ದಳು, ಯಾರೂ ಹೇಳದಿದ್ದರೂ ಹಸಿರು ಬಳೆ ಬೇರೆ ತೊಟ್ಟುಕೊಂಡು.

ಈಗ ನೋಡಿದರೆ ಇದು. ನೀಲಿ ವಾಯ್ಲ್ ಸೀರೆ, ಕತ್ತಿನವರೆಗೆ ಕತ್ತರಿಸಿದ ಕೂದಲು, ಮೊಣಕಾಲ ಮೇಲೊಂದು ಹಲಗೆ. ಅವಳು ಗುಲಾಬಿ ಗಿಡವೊಂದರ ಮುಂದೆ ಕೂತು ಚಿತ್ರ ಬರೆಯುತ್ತಿದ್ದಳು. ಬರೆದುಕೊಳ್ಳಲಿ, ಯಾರು ಬೇಡವೆಂದರು? ನೆರಳು ಹಿಡಿಯಲು ಬೆಂಗಳೂರಿನಲ್ಲಿ ಬೇರೆ ಗಂಡಸರಿರಲಿಲ್ಲವೇ? ಗಿಡದ ಮೇಲೆ ಇಬ್ಬರ ತಲೆಗಳೂ ಬಾಗಿದ್ದವು, ನಡುವೆ ಒಂದು ಗೇಣು ಜಾಗವಿದ್ದರೆ ಹೆಚ್ಚು. ಅನುಸೂಯ ಆ ಗೇಣನ್ನು ಕಣ್ಣಿನಲ್ಲೇ ಮೂರು ಸಲ ಅಳೆದಳು.

ಹತ್ತಿರ ಹೋದಾಗ ಅವನ ಮಾತು ಕಿವಿಗೆ ಬಿತ್ತು.

"ಎಂಟು ದಿನದಿಂದ ನಿಮಗೋಸ್ಕರನೇ ಕಾಯ್ಕೊಂಡಿದೀನಿ ಮೇಡಮ್. ಯಾರನ್ನೂ ಹತ್ರ ಬಿಟ್ಟಿಲ್ಲ."

ಅವನು ಹೇಳುತ್ತಿದ್ದದ್ದು ಗಿಡದಲ್ಲಿದ್ದ ಒಂದೇ ಒಂದು ಹೂವಿನ ಬಗ್ಗೆ. ಯಾರೂ ಕೀಳದಿರಲೆಂದು ಗುರುತಿಗೆ ಅದರ ತೊಟ್ಟಿಗೆ ಕೆಂಪು ದಾರ ಕಟ್ಟಿತ್ತು. ಸಂಕ್ರಾಂತಿಗೆ ಬರುವಾಗ ಲಾಲ್‌ಬಾಗಿನ ಗುಲಾಬಿ ಒಂದು ತಾ ಬಾವ ಎಂದು ಅನುಸೂಯ ಬಾಯಿಬಿಟ್ಟು ಕೇಳಿದ್ದಳು. ಬರಿಗೈಯಲ್ಲಿ ಬಂದವನು, ಅಲ್ಲಿ ಎಲೆ ಮುಟ್ಟಿದರೂ ಮೇಸ್ತ್ರಿ ಬೈತಾನೆ ಎಂದು ಸಬೂಬು ಹೇಳಿದ್ದ. ಇವಳಿಗಾದರೆ ಎಂಟು ದಿನ ಕಾವಲು.

ಸಂಜೀವಪ್ಪ ತಲೆ ಎತ್ತಿದ. ಅನುಸೂಯಳನ್ನು ಕಂಡ ಕೂಡಲೇ ಕೈಯಲ್ಲಿದ್ದ ಛತ್ರಿ ವಾಲಿತು, ಬಿಸಿಲು ಗಿಡದ ಮೇಲೆ ಬಿತ್ತು. ಗಡಿಬಿಡಿಯಿಂದ ಛತ್ರಿ ನೆಟ್ಟಗೆ ಮಾಡಿಕೊಂಡ. ಅವಳ ಕಣ್ಣಿಗೆ ಬಿದ್ದದ್ದು ಆ ಗಡಿಬಿಡಿ ಮಾತ್ರ. ಯಾರು ಇವರು ಎಂದು ಚಿತ್ರದವಳು ಕೇಳಿದಳು. ಅವನು ಅಜ್ಜಿಯ ಮುಖ ನೋಡಿದ, ನೆಲ ನೋಡಿದ.

"ನಮ್ಮ ಕಡೆಯೋರು," ಎಂದ.

ಅನುಸೂಯಳ ಕಿವಿ ಕಾದವು. ಚಿಕ್ಕಂದಿನಲ್ಲಿ ಇವನ ಜೊತೆ ಹುಣಿಸೇಕಾಯಿ ಕದ್ದವಳು, ಇನ್ನು ಐದು ದಿನಕ್ಕೆ ಇವನ ಮನೆಯ ಹೂವು ಮುಡಿಯಬೇಕಾದವಳು, ಈಗ ಯಾವುದೋ ಕಡೆಯವಳಾಗಿಬಿಟ್ಟಿದ್ದಳು. ಅಜ್ಜಿಯ ರಟ್ಟೆ ಹಿಡಿದು ಪಕ್ಕದ ಮರದ ನೆರಳಿಗೆ ಎಳೆದುಕೊಂಡು ಹೋದಳು.

"ಅಜ್ಜಿ, ಗುರುವಾರ ಅತ್ತೆ ಬರೋದು ಬ್ಯಾಡ ಅಂತ ಹೇಳಿ ಕಳ್ಸು."

ಅಮ್ಮಯಮ್ಮ ಎಲೆಅಡಿಕೆ ಚೀಲ ಬಿಚ್ಚಿದಳು. ಒಂದು ಕಡೆ ಮಗನ ಮಗಳು, ಇನ್ನೊಂದು ಕಡೆ ಮಗಳ ಮಗ. ಇಬ್ಬರ ಮೂಗಿನ ಸಿಂಬಳವನ್ನೂ ಒರೆಸಿದ ಕೈ ಅದು.

"ಕಳ್ಸನ ತಗೋ. ಮೊದ್ಲು ಎಲೆ ಹಾಕ್ಕತೀನಿ," ಎಂದವಳು, ಎಲೆ ಜಗಿಯುತ್ತಲೇ ಮರಕ್ಕೆ ಒರಗಿ ಕಣ್ಣು ಮುಚ್ಚಿದಳು.

ಅಷ್ಟರಲ್ಲಿ ಚಿತ್ರದವಳು ಕುಂಚ ತೊಳೆಯಲು ನಲ್ಲಿಯ ಕಡೆ ಹೊರಟಳು. ಸಂಜೀವಪ್ಪ ಅವಳ ಛತ್ರಿಯನ್ನು ಗಿಡದ ಪಕ್ಕ ನೆಟ್ಟು, ಅವಳ ನೀರಿನ ಡಬ್ಬವನ್ನೂ ಹಿಡಿದು ಹಿಂದೆಯೇ ಹೋದ. ಡಬ್ಬ ಎತ್ತಲು ಅವಳಿಗೆ ಕೈ ಇರಲಿಲ್ಲವೇನೋ. ಇಬ್ಬರೂ ಏನೋ ಹೇಳಿಕೊಂಡು ನಕ್ಕದ್ದು ಇಲ್ಲಿಯವರೆಗೆ ಕೇಳಿಸಿತು. ಆ ನಗು ಅನುಸೂಯಳನ್ನು ಎಬ್ಬಿಸಿ ನಿಲ್ಲಿಸಿತು.

ಗಿಡದ ಹತ್ತಿರ ಹೋದಳು. ಹೂವಿನ ಬಣ್ಣ ಅರಿಶಿನಕ್ಕೆ ಕುಂಕುಮ ಕಲೆಸಿದಂತಿತ್ತು. ಅವಳ ಊರಿನಲ್ಲಿ ಗಿಡದಲ್ಲಿ ಹೂವಿದ್ದರೆ, ಹಾದು ಹೋಗುವ ಹೆಣ್ಣುಮಕ್ಕಳು ಕಿತ್ತು ಮುಡಿಯುತ್ತಾರೆ, ಯಾರೂ ಯಾರನ್ನೂ ಕೇಳುವುದಿಲ್ಲ. ಅವಳೂ ಕೇಳಲಿಲ್ಲ. ಮುಳ್ಳು ಚುಚ್ಚಿದರೂ ಬಿಡದೆ, ದಾರದ ಸಮೇತ ಚಿವುಟಿ ಜಡೆಗೆ ಸಿಕ್ಕಿಸಿಕೊಂಡು ಬೆಂಚಿನ ಮೇಲೆ ಕೂತಳು.

ಹಿಂತಿರುಗಿದ ಸಂಜೀವಪ್ಪ ಮೊದಲು ಗಿಡ ನೋಡಿದ. ಆಮೇಲೆ ಅವಳ ಜಡೆ ನೋಡಿದ. ಬೈದಿದ್ದರೆ ತಿರುಗಿ ಬೈಯಲು ಅವಳ ಬಾಯಿ ಸಿದ್ಧವಿತ್ತು. ಆದರೆ ಅವನ ಮುಖ ನೀರು ಕಾಣದ ಸಸಿಯಂತೆ ಬಾಡಿಹೋಯಿತು. ಚಿತ್ರದವಳೇ ಮೆಲ್ಲಗೆ ಹೇಳಿದಳು. ಅದು ಸಂಜೀವಪ್ಪ ಎರಡು ಜಾತಿ ಬೆರೆಸಿ ಕೈಯಾರೆ ಕಸಿ ಕಟ್ಟಿದ ಹೊಸ ತಳಿಯ ಗಿಡವಂತೆ. ಎರಡು ವರ್ಷಕ್ಕೆ ಬಿಟ್ಟ ಮೊದಲ ಹೂವಂತೆ. ಮೊಗ್ಗಿನಿಂದ ಅರಳುವವರೆಗೆ ಅದರ ಚಿತ್ರ ಬರೆಯಲು ತೋಟದ ಕಚೇರಿಯವರು ತನ್ನನ್ನು ಕರೆಸಿದ್ದರಂತೆ, ಚಿತ್ರದ ಕೆಳಗೆ ಕಸಿ ಕಟ್ಟಿದವನ ಹೆಸರು ಬರುತ್ತಿತ್ತಂತೆ. ಬರೆಯಲು ಉಳಿದಿದ್ದದ್ದು ಇವತ್ತಿನ ಅರಳಿದ ಹೂವೊಂದೇ.

ಅನುಸೂಯಳಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ಆದರೂ ಸುಳ್ಳು ಹೇಳುವ ಜಾಯಮಾನ ಅವಳದಲ್ಲ.

"ಬೇಕಂತಲೇ ಕಿತ್ತೆ ಬಾವ. ನೀನು ಅವರಿಗೆ ಛತ್ರಿ ಹಿಡ್ಕೊಂಡು ನಿಂತಿದ್ದು ನೋಡಕ್ಕಾಗ್ಲಿಲ್ಲ. ಹೊಟ್ಟೆ ಉರೀತು," ಎಂದಳು, ಆ ಹೆಂಗಸಿನ ಎದುರಿಗೇ.

"ಅವರಿಗೆಲ್ಲಿ ಹಿಡ್ದೆ? ಹೂವಿಗೆ ಹಿಡ್ದಿದ್ದು ಕಣೆ. ಈ ಬಿಸಿಲು ಬಿದ್ರೆ ಬಣ್ಣ ಉಳಿಯಲ್ಲ."

ಚಿತ್ರದವಳು ಹೊಸ ಹಾಳೆ ಸಿಕ್ಕಿಸಿ, ತಿರುಗಿ ಕೂತ್ಕೋಮ್ಮ, ಹೂವಿನ್ನೂ ಬಾಡಿಲ್ಲ, ಇದ್ದ ಹಾಗೇ ಬರೀತೀನಿ, ತಲೆ ಮಾತ್ರ ಅಲ್ಲಾಡಿಸಬೇಡ ಎಂದಳು.

ಹೀಗೆ, ಯಾರನ್ನು ಕಂಡು ಹೊಟ್ಟೆ ಉರಿದಿತ್ತೋ ಅವಳಿಗೇ ಬೆನ್ನು ಕೊಟ್ಟು ಅನುಸೂಯ ಕೂರಬೇಕಾಯಿತು. ಸಂಜೀವಪ್ಪ ಛತ್ರಿ ಎತ್ತಿ ಅವಳ ತಲೆಯ ಮೇಲೆ ಹಿಡಿದ. ಕಪ್ಪು ಬಟ್ಟೆಯ ನೆರಳು ಅವಳ ಮಡಿಲವರೆಗೆ ಬಂತು. ಅವನ ಅಂಗಿಯಿಂದ ಮಣ್ಣಿನ ವಾಸನೆ, ಗೊಬ್ಬರದ ವಾಸನೆ ಬರುತ್ತಿತ್ತು. ಅವನು ಹೂವನ್ನು ನೋಡುತ್ತಿದ್ದಾನೋ ಕತ್ತನ್ನು ನೋಡುತ್ತಿದ್ದಾನೋ ತಿರುಗಿ ನೋಡುವಂತಿರಲಿಲ್ಲ. ಆದರೂ ಕತ್ತು ಬೆಚ್ಚಗಾಯಿತು.

"ನಮ್ಮ ಕಡೆಯೋರು ಅಂದ್ಯಲ್ಲ," ಎಂದಳು, ತುಟಿ ಅಲ್ಲಾಡದ ಹಾಗೆ.

"ಹೂ ಮುಡ್ಸಕ್ ಮುಂಚೆ ಬಾಯಲ್ಲಿ ಆಡಬ್ಯಾಡ, ದೃಷ್ಟಿ ಆಗ್ತದೆ ಅಂತ ಅಮ್ಮ ಆಣೆ ಹಾಕ್ಸವ್ಳೆ."

ಕುಂಚ ಹಾಳೆಯ ಮೇಲೆ ಓಡುವುದು ಕೇಳಿಸುತ್ತಿತ್ತು. ಅವನೇ ಮತ್ತೆ ಮಾತಾಡಿದ. ದನಿಯಲ್ಲಿ ನಗು ಇತ್ತು.

"ಇನ್ನು ಹೇಳ್ಬೋದು ಬಿಡು. ನನ್ನ ಗಿಡದ ಹೂವ ನೀನೇ ಮುಡ್ಕೊಂಡ್ಬಿಟ್ಯಲ್ಲ."

ಅಷ್ಟು ಹೇಳಿ ಚಿತ್ರದವಳ ಕಡೆ ತಿರುಗಿದ.

"ಮೇಡಮ್, ನಾನು ಮದುವೆ ಆಗೋ ಹುಡುಗಿ ಇವಳೇ."

"ಗೊತ್ತಾಯ್ತು ಸಂಜೀವಪ್ಪ. ಎಂಟು ದಿನದಲ್ಲಿ ನಿನ್ನ ಕೈಲಿ ಛತ್ರಿ ವಾಲಿದ್ದು ಇವತ್ತೊಂದೇ ಸಲ," ಎಂದಳು ಚಿತ್ರದವಳು.

ಅನುಸೂಯಳ ಕಣ್ಣು ತುಂಬಿತು. ತಲೆ ಅಲ್ಲಾಡಿಸುವಂತಿರಲಿಲ್ಲವಾದ್ದರಿಂದ ಒರೆಸಿಕೊಳ್ಳಲೂ ಆಗಲಿಲ್ಲ.

ಸಂಜೆಯ ಬಸ್ಸಿನಲ್ಲಿ ಅಮ್ಮಯಮ್ಮ ಏನೂ ಅರಿಯದವಳಂತೆ ಕೇಳಿದಳು, ಹಾಗಾದರೆ ರುಕ್ಮಿಣಿಗೆ ಬರಬೇಡವೆಂದು ಹೇಳಿ ಕಳಿಸಲೇ ಎಂದು. ಅನುಸೂಯ ಕಿಟಕಿಯ ಹೊರಗೆ ನೋಡಿದಳು. ಹೂವು ಜಡೆಯಲ್ಲೇ ಇತ್ತು. ಮನಸ್ಸು ಹಗುರವಾಗಿತ್ತು, ಆದರೂ ಒಂದು ಮೂಲೆಯಲ್ಲಿ ಇನ್ನೂ ಚುರುಗುಟ್ಟುತ್ತಿತ್ತು. ಇಡೀ ಹೊತ್ತು ತನ್ನ ಮೇಲಿದ್ದ ನೆರಳು ಆ ಹೆಂಗಸಿನ ಛತ್ರಿಯದಲ್ಲವೇ?

"ಬರ್ಲಿ. ಒಂದು ಛತ್ರಿನೂ ತರ್ಲಿ ಅನ್ನು," ಎಂದಳು.

ಗುರುವಾರ ರುಕ್ಮಿಣಮ್ಮ ಬಂದಳು. ತಟ್ಟೆಯಲ್ಲಿ ಮಲ್ಲಿಗೆ, ಕನಕಾಂಬರ, ಎಲೆಅಡಿಕೆ, ಬಾಳೆಹಣ್ಣು ಇದ್ದವು. ಕಂಕುಳಲ್ಲಿ ಹೊಸದೊಂದು ಕಪ್ಪು ಛತ್ರಿ. ಮುಗಿಲಿನಲ್ಲಿ ಒಂದು ಮೋಡವಿಲ್ಲ, ಇದನ್ನೂ ತಟ್ಟೆಯ ಜೊತೆಗೇ ಇಡಬೇಕು ಎಂದು ನಿನ್ನ ಮೊಮ್ಮಗ ಹಟ ಹಿಡಿದ ಎಂದು ತಾಯಿಯ ಮುಂದೆ ಗೊಣಗಿದಳು. ಇಡು ಮತ್ತೆ ಎಂದಳು ಅಮ್ಮಯಮ್ಮ.

ಅತ್ತೆ ಹೂ ಮುಡಿಸುವಾಗ ಅನುಸೂಯ ತಲೆ ತಗ್ಗಿಸಿ ಕೂತಿದ್ದಳು. ಛತ್ರಿ ಅವಳ ಮೊಣಕಾಲ ಪಕ್ಕದಲ್ಲೇ ಇತ್ತು. ಅದರ ಹಿಡಿಗೆ ಕೆಂಪು ದಾರ ಕಟ್ಟಿತ್ತು.