ತೊರೆಗಟ್ಟೆಯ ಹೊಳೆಚಿತ್ರ

ನದಿಗಳು ಮಾತಾಡುತ್ತಿದ್ದ ಕಾಲದಲ್ಲಿ ಸೋಮಾವಳಿ ಎಂಬ ರಾಜ್ಯವಿತ್ತು. ಅಲ್ಲಿ ಹೊಳೆಯ ದಂಡೆಗೆ ತೊರೆಗಟ್ಟೆ ಎಂಬ ಪಟ್ಟಣ. ಅದಕ್ಕೆ ಕೋಟೆಯಿರಲಿಲ್ಲ, ಆನೆಗಳಿರಲಿಲ್ಲ. ಮೂರು ಅಂಕಣದ ವಸ್ತುಶಾಲೆಯೊಂದಿತ್ತು. ಊರಿನವರು ಮಾಡಿದ ಚೆಂದದ ವಸ್ತುಗಳೆಲ್ಲ ಅಲ್ಲಿದ್ದವು. ಯಾವುದರ ಮೇಲೂ ಹೆಸರು ಕೆತ್ತುವ ಪದ್ಧತಿಯಿಲ್ಲ. ಕಾಯುವವರೇ ಹೆಸರುಗಳನ್ನು ನೆನಪಿಟ್ಟು, ನೋಡಬಂದವರಿಗೆ ಬಾಯಲ್ಲೇ ಹೇಳಬೇಕು. ಆ ಕೆಲಸ ಚಿತ್ರಗಾರ ಕಲ್ಲರಸನ ಮಗಳು ಕೇತವ್ವನದು. ಕಲ್ಲರಸ ತೀರಿಕೊಂಡು ಒಂದು ವರ್ಷವಾಗಿತ್ತು.

ಒಂದು ಬೆಳಿಗ್ಗೆ ಮಾಂತ್ರಿಕ ಕರ್ಕಟಾಕ್ಷ ಹೆಬ್ಬಾವಿನ ಮೇಲೆ ಕೂತು ಬಂದ. ಒಂಬತ್ತು ಪಟ್ಟಣಗಳ ಕಲೆಯೆಲ್ಲ ಆ ಹಾವಿನ ಹೊಟ್ಟೆಯಲ್ಲಿತ್ತು.

"ಮೂರು ವಸ್ತು ತೋರಿಸುತ್ತೇನೆ," ಎಂದ. "ಯಾರ ಕೈಕೆಲಸ, ಹೇಳು. ಒಂದು ಸುಳ್ಳಾದರೂ ಹಾವು ಎಲ್ಲವನ್ನೂ ನುಂಗುತ್ತದೆ. ಮೂರೂ ನಿಜವಾದರೆ ನನ್ನ ಮಾಯೆ ಮುಗಿಯಿತು."

ಊರೆಲ್ಲ ಬಾಗಿಲಲ್ಲಿ ನೆರೆಯಿತು.

ಮೊದಲ ಅಂಕಣದಲ್ಲಿ ಮಣ್ಣಿನ ಹೂಜಿ ತೋರಿಸಿದ.

"ಕುಂಬಾರ ಬೀರಯ್ಯನ ಕೈಕೆಲಸ."

ಹಾವು ತಲೆ ತಗ್ಗಿಸಿತು.

ಎರಡನೆಯದರಲ್ಲಿ ಕಂಚಿನ ನವಿಲು. "ಇಷ್ಟು ನಯ ನಿಮ್ಮೂರಲ್ಲಿ ಎಲ್ಲಿಂದ? ರಾಜಧಾನಿಯಿಂದ ಕದ್ದಿರೇನು?"

"ಎರಕ ಹೊಯ್ದದ್ದು ಕಂಚುಗಾರ ದುಗ್ಗಪ್ಪ. ಗರಿಯ ಗೆರೆ ಕೊರೆದದ್ದು ಅವನ ಹೆಂಡತಿ ಸಾತವ್ವ. ಇಬ್ಬರೂ ತೊರೆಗಟ್ಟೆಯವರೇ."

ಹಾವು ಮತ್ತೆ ತಲೆ ತಗ್ಗಿಸಿತು.

ಮೂರನೆಯದರಲ್ಲಿ ಕಲ್ಲರಸನ ಕೊನೆಯ ಚಿತ್ರ: ದಂಡೆ, ದೋಣಿಗಳು, ಬಟ್ಟೆ ಒಗೆಯುವ ಜನ, ನಡುವೆ ತುಂಬಿದ ಹೊಳೆ.

"ಹೇಳೇ ಕೇತವ್ವ!" ದೋಣಿಯ ಮಾಚಯ್ಯ ಕೂಗಿದ. "ಊರಿನ ನಾಯಿಗೂ ಗೊತ್ತು!"

ಕೇತವ್ವ ಚಿತ್ರದ ಹೊಳೆಯನ್ನು ನೋಡಿದಳು. ಇದೆಲ್ಲ ಅಪ್ಪನದೆಂದು ಒಂದು ವರ್ಷ ಎಲ್ಲರಿಗೂ ಹೇಳಿದ್ದಳು. ನಿಜ ಬೇರೆಯಿತ್ತು. ದಂಡೆ, ದೋಣಿ, ಜನ ಮುಗಿಯುವಷ್ಟರಲ್ಲಿ ಅಪ್ಪನ ಬಲಗೈ ಸ್ವಾಧೀನ ತಪ್ಪಿತ್ತು. ಅವನು ಮಲಗಿದಲ್ಲಿಂದ ನೋಡುತ್ತಿದ್ದ. ಹೊಳೆ ಬರೆದವಳು ಇವಳು. ಅವನ ಕೊನೆಯ ಚಿತ್ರ ಪೂರ್ತಿ ಅವನದೇ ಆಗಿರಲಿ ಎಂದು ಬಾಯಿ ಮುಚ್ಚಿಕೊಂಡಿದ್ದಳು. ಈಗ ನಿಜ ಹೇಳಿದರೆ ಅಪ್ಪನ ಪಾಲು ಕಡಿಮೆಯಾಗುತ್ತದೆ. ಹೇಳದಿದ್ದರೆ ಬೀರಯ್ಯನ ಹೂಜಿಯೂ ಇಲ್ಲ, ನವಿಲೂ ಇಲ್ಲ, ಅಪ್ಪನ ದೋಣಿಗಳೂ ಇಲ್ಲ.

ಹೆಬ್ಬಾವು ಬಾಯಿ ತೆರೆಯಿತು.

ಕೇತವ್ವ ಬೆನ್ನು ನೆಟ್ಟಗೆ ಮಾಡಿದಳು. "ದಂಡೆ, ದೋಣಿ, ಜನ ನನ್ನ ಅಪ್ಪ ಕಲ್ಲರಸನವು. ಹೊಳೆ ನನ್ನದು. ಅದನ್ನು ನೋಡಿ ಅವನು, 'ನೀರು ನನಗೂ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ ಕಣವ್ವ' ಎಂದ."

ಚಿತ್ರದೊಳಗಿಂದ ಹೊಳೆ ಹೊರಕ್ಕೆ ಧುಮುಕಿತು. ಕರ್ಕಟಾಕ್ಷ ಕೊಚ್ಚಿಕೊಂಡು ಹೋದ. ಹೆಬ್ಬಾವು ಒಂಬತ್ತು ಪಟ್ಟಣಗಳ ಕಲೆಯನ್ನೆಲ್ಲ ಉಗುಳಿ, ಒಣಹಗ್ಗವಾಗಿ ಬಿತ್ತು. ನೀರು ತಿರುಗಿ ಚಿತ್ರದೊಳಕ್ಕೆ ಹರಿದು ನಿಂತಿತು. ಒಂದು ಬಣ್ಣವೂ ಕದಡಲಿಲ್ಲ.

"ವರ್ಷವಿಡೀ ನಮಗೆ ಟೋಪಿ ಹಾಕಿದೆಯಲ್ಲೇ!" ಎಂದ ಮಾಚಯ್ಯ, ಕಣ್ಣೊರೆಸಿಕೊಳ್ಳುತ್ತ.

"ಹಾಕಿದೆ ಮಾವ. ತಪ್ಪಾಯಿತು."

ಊರಿನವರು ಒಂಬತ್ತು ಪಟ್ಟಣಗಳಿಗೂ ಅವರವರ ವಸ್ತುಗಳನ್ನು ದೋಣಿಯಲ್ಲಿ ಮುಟ್ಟಿಸಿದರು. ಆ ಪಟ್ಟಣಗಳ ಜನ ತೊರೆಗಟ್ಟೆಯನ್ನು ನೋಡಲು ಬಂದರು. ಕೇತವ್ವ ಹೊಳೆಚಿತ್ರದ ಮುಂದೆ ನಿಂತು ಅಪ್ಪನ ಹೆಸರು ಹೇಳಿದಳು. ಅಷ್ಟೇ ಗಟ್ಟಿಯಾಗಿ ತನ್ನದನ್ನೂ ಹೇಳಿದಳು. ಊರು ತಲೆಯೆತ್ತಿ, ತಣ್ಣಗೆ ಬಾಳಿತು.