ಕಚ್ಚಿ ಬಿಟ್ಟ ಟೊಮೆಟೊ

ಕಾಡಿನ ಬೆಂಕಿ ಗುಡ್ಡ ದಾಟಿತ್ತು. ಊರು ಖಾಲಿಯಾಗಿದ್ದರೂ ಟೊಮೆಟೊ ಕಿತ್ತು ಮುಗಿಸದೆ ಹೊರಡುವುದಿಲ್ಲ ಎಂದು ಅತ್ತೆ ಹಟ ಹಿಡಿದರು.

ನನ್ನ ಗಂಡ ಬದುಕಿದ್ದಾಗ ಪ್ರತಿ ಸಾಲಿನ ಮೊದಲ ಹಣ್ಣನ್ನು ಗಿಡದಲ್ಲಿದ್ದಂತೆಯೇ ಕಚ್ಚಿ ರುಚಿ ನೋಡುತ್ತಿದ್ದ. ಅವನು ಸತ್ತದ್ದು ಕಳೆದ ಚಳಿಗಾಲದಲ್ಲಿ. ಈಗಲೂ ಪ್ರತಿ ಸಾಲಿನ ಮೊದಲ ಹಣ್ಣನ್ನು ಯಾರೋ ಕಚ್ಚಿದ್ದರು. ಎಲೆಗಳ ಮೇಲೆಲ್ಲ ಬೂದಿ ಕೂತಿತ್ತು. ಕಚ್ಚಿದ ಜಾಗದಿಂದ ಮಾತ್ರ ಎಂಜಲು ನೂಲಿನಂತೆ ಇಳಿಯುತ್ತಿತ್ತು. ನಾನು ಮುಟ್ಟದೆ ಹಿಂದೆ ಸರಿದೆ.

“ಇಲಿ ತಿಂದಿದೆ, ಬನ್ನಿ ಅತ್ತೆ.”

“ಇಲಿಗೆ ಇಷ್ಟು ದೊಡ್ಡ ಬಾಯಾ? ಓದಿದವಳಂತೆ ಇವಳು!” ಅವರು ಒಂದನ್ನು ಕಿತ್ತು ಚೀಪಿ, ಉಳಿದದ್ದನ್ನು ನನ್ನತ್ತ ಚಾಚಿದರು. “ಗಂಡನ ಎಂಜಲಿಗೆ ಹೇಸಿಗೆ ಏನೇ? ನೀನು ತಿಂದ್ರೆ ಬರ್ತೀನಿ.”

ಬೇಲಿ ಹೊತ್ತಿಕೊಂಡಿತು. ನಾನು ತಿಂದೆ. ಅತ್ತೆ ಗಾಡಿ ಹತ್ತಿದರು.

ನಾನು ತಿಂದ ಹಣ್ಣಿನ ಸಿಪ್ಪೆ ಬೆಂಕಿಯ ಝಳಕ್ಕೆ ತುಟಿ ಸುಡುವಷ್ಟು ಬಿಸಿಯಾಗಿತ್ತು. ಕಚ್ಚಿದ ಜಾಗ ಮಾತ್ರ ಬಾಯಿಯ ಒಳಗಿನಷ್ಟೇ ಬೆಚ್ಚಗಿತ್ತು.