ಏಳನೇ ಚೌಕಕ್ಕೆ ಕೊಟ್ಟ ಖೋ

ಹೋದ ವರ್ಷ ನ್ಯಾಮತಿಯಲ್ಲಿ ನಡೆದ ತಾಲ್ಲೂಕು ಖೋ-ಖೋ ಫೈನಲ್ಲಿನಲ್ಲಿ ನಾನು ನಮ್ಮ ಸರ್ಕಾರಿ ಹೈಸ್ಕೂಲಿನ ಪರ ಆಡಿದ್ದೆ. ಹನ್ನೊಂದು ವರ್ಷದಿಂದ ನಮ್ಮ ಶಾಲೆಗೆ ಶೀಲ್ಡು ಬಂದಿರಲಿಲ್ಲ. ಎಂಟು ಜನ ಚೌಕಗಳಲ್ಲಿ ಕೂತಿದ್ದರೆ ಒಬ್ಬಳು ಅಟ್ಟಿಸಿಕೊಂಡು ಓಡುವ ಆಟ. ಆಟದ ನಡುವೆ ಏಳನೇ ಚೌಕದ ರಕ್ಷಾಳ ಕಾಲು ಉಳುಕಿತು. ಬದಲಿಗೆ ಆಡಾಕೆ ಯಾರೂ ಇರಲಿಲ್ಲ. ಆ ಚೌಕ ಖಾಲಿ ಬಿಟ್ಟು ಎಂಟೇ ಜನ ಆಡಿದೆವು.

ಕೊನೇ ನಿಮಿಷ. ಇನ್ನೊಂದು ಔಟ್ ಸಿಕ್ಕರೆ ಶೀಲ್ಡು ನಮ್ಮದು. "ಬಿಡಬ್ಯಾಡ್ರೇ ಅವಳನ್ನ!" ಅಂತ ದುರುಗಪ್ಪ ಮೇಷ್ಟ್ರು ಗಂಟಲು ಹರಿದುಕೊಳ್ಳುತ್ತಿದ್ದರು. ಎದುರು ತಂಡದ ಸಹನಾಳನ್ನು ಅಟ್ಟಿಸಿಕೊಂಡು ಬಂದ ನಾನು ರೂಢಿ ಬಲದಿಂದ ಏಳನೇ ಚೌಕಕ್ಕೇ "ಖೋ" ಕೊಟ್ಟುಬಿಟ್ಟೆ. ಅಂಗೈಗೆ ಬೆನ್ನು ಸಿಕ್ಕಿತು. ಅಂಥಾ ಉರಿಬಿಸಿಲಲ್ಲೂ ನೀರು ತುಂಬಿದ ಮಡಕೆಯ ಹಾಗೆ ತಣ್ಣಗಿತ್ತು. ಆ ಬೆನ್ನು ಎದ್ದು ಹೋಯಿತು, ನಾನು ಅಲ್ಲೇ ಕೂತೆ. ತಿರುಗಿ ನೋಡಿದರೆ ನಾವು ಎಂಟೂ ಜನ ಕೂತಿದ್ದೆವು. ಓಡೋರು ಯಾರೂ ಇರಲಿಲ್ಲ. ಆದರೂ ಸಹನಾ ಯಾರೋ ಬಡಿದಂತೆ ಮುಗ್ಗರಿಸಿದಳು, ಅಂಪೈರ್ ಸೀಟಿ ಊದಿದರು. ಔಟ್!

ಮೈದಾನವೇ ಎದ್ದು ಕುಣಿಯಿತು. ರಕ್ಷಾ ಕುಂಟಿಕೊಂಡೇ ಕುಣಿದಳು. ನಾನೂ ಕುಣಿದೆ, ಸುಳ್ಳು ಯಾಕೆ ಹೇಳಲಿ.

ಆಟ ಮುಗಿದ ಮೇಲೆ ಎರಡೂ ತಂಡದವರು ಕೈ ಕುಲುಕುವುದು ಪದ್ಧತಿ. ಸಹನಾ ಒಬ್ಬೊಬ್ಬಳ ಕೈಯನ್ನೂ ಬಿಡದೆ ಹಿಡಿದುಕೊಂಡಳು.

"ನನ್ನ ಮುಟ್ಟಿದೋಳು ಯಾರ್ರೇ?"

ರಕ್ಷಾಳದೂ ಸೇರಿ ಒಂಬತ್ತೂ ಜನರ ಕೈ ಹಿಡಿದು ನೋಡಿದಳು. ಆಮೇಲೆ ಮೆಲ್ಲಗೆ, "ಇವ್ಯಾವೂ ಅಲ್ಲ ಕಣ್ರೇ" ಅಂದಳು.